ಒಂದೇ ಸಾಮಗ್ರಿ, ಎರಡು ಫಲ: ಗರ್ಭಕಂಠದ ಕ್ಯಾನ್ಸರ್ ಮತ್ತು ರೋಗಮೂಲದ ಪ್ರಶ್ನೆ

ರೋಗ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗೆ ಲೋಕರೂಢಿಯಲ್ಲಿ ಎರಡು ಬಗೆಯ ಉತ್ತರಗಳು ನೆಲೆಯೂರಿವೆ. ಒಂದರ ಪ್ರಕಾರ ರೋಗ ಹೊರಗಿನದು: ಗ್ರಹಚಾರವೋ, ಕೆಟ್ಟ ದೃಷ್ಟಿಯೋ, ಮಾರಿಯೋ, ಕಾಲಾಂತರದಲ್ಲಿ ವಿಜ್ಞಾನ ತೋರಿಸಿಕೊಟ್ಟ ಸೂಕ್ಷ್ಮಾಣುವೋ ನಿರಪರಾಧಿಯಾದ ದೇಹದ ಮೇಲೆ ಎರಗಿ ಅದನ್ನು ಕೆಡಿಸುತ್ತದೆ. ಇನ್ನೊಂದರ ಪ್ರಕಾರ ರೋಗ ಒಳಗಿನದು: ಈ ಜನ್ಮದ ನಡತೆಯೋ ಹಿಂದಿನ ಜನ್ಮದ ಕರ್ಮವೋ ಪಕ್ವವಾಗಿ, ಮಾಡಿದವನೇ ಉಣ್ಣಬೇಕಾದ ಫಲವಾಗಿ ದೇಹದಲ್ಲಿ ಕಾಣಿಸಿಕೊಳ್ಳುತ್ತದೆ. ಮೊದಲ ಉತ್ತರ ರೋಗಿಯನ್ನು ಬರಿಯ ಬಲಿಪಶುವನ್ನಾಗಿ ಮಾಡಿದರೆ ಎರಡನೆಯದು ಅಪರಾಧಿಯನ್ನಾಗಿ ಮಾಡುತ್ತದೆ. ಕ್ಯಾನ್ಸರ್ ಈ ಎರಡು ಉತ್ತರಗಳಲ್ಲಿ ಯಾವುದಕ್ಕೂ ಪೂರ್ತಿಯಾಗಿ ಒಗ್ಗುವುದಿಲ್ಲ. ಏಕೆಂದರೆ ಅಲ್ಲಿ ಮಿತಿಮೀರಿ ಬೆಳೆಯುವುದು ದೇಹದ ಸ್ವಂತ ಜೀವಕೋಶವೇ ಆಗಿದ್ದರೂ ಆ ಬೆಳವಣಿಗೆಯನ್ನು ರೋಗಿ ಬಯಸಿದ್ದೂ ಇಲ್ಲ, ಮಾಡಿದ್ದೂ ಇಲ್ಲ. ಗರ್ಭಕೋಶದ ಬಾಯಿಯಲ್ಲಿ ಉಂಟಾಗುವ ಗರ್ಭಕಂಠದ ಕ್ಯಾನ್ಸರಿನಲ್ಲಿ ಈ ತೊಡಕು ಇನ್ನೂ ಬಿಗಿಯಾಗುತ್ತದೆ. ಅಲ್ಲಿ ಹೊರಗಿನಿಂದ ಬಂದ ವೈರಸ್ ಇದೆ, ಒಳಗಿನ ಜೀವಕೋಶ ಇದೆ, ದೇಹವೇ ಸ್ರವಿಸುವ ಹಾರ್ಮೋನ್ ಇದೆ, ಆ ಹಾರ್ಮೋನನ್ನು ಹಿಡಿದಿಡುವ ಪ್ರೋಟೀನ್ ಇದೆ, ಆ ಪ್ರೋಟೀನಿನ ಸಂದೇಶವನ್ನು ಕತ್ತರಿಸಿ ಜೋಡಿಸುವ ಕ್ರಮದಲ್ಲಿ ಕಂಡುಬರುವ ವ್ಯತ್ಯಾಸವೂ ಇದೆ. ಈ ಕೊನೆಯ ಸಂಗತಿಯನ್ನು ಸಮೀಪದಿಂದ ನೋಡಿದಾಗ, ರೋಗಮೂಲವನ್ನು ಕುರಿತು ಭಾರತೀಯ ಚಿಂತನೆಯಲ್ಲಿ ಬಹಳ ಹಿಂದೆಯೇ ಹೇಳಲ್ಪಟ್ಟ ಒಂದು ನಿರ್ಣಯ ಹೊಸ ಬಲವನ್ನು ಪಡೆಯುತ್ತದೆ.

ಆ ವ್ಯತ್ಯಾಸ ಎಂಥದೆಂಬುದನ್ನು ಮೊದಲು ತಿಳಿಯಬೇಕು. ಮನುಷ್ಯನ ಜೀವಕೋಶಗಳಲ್ಲಿ ಪ್ರೋಟೀನ್ ತಯಾರಿಕೆಗೆ ಸೂಚನೆ ನೀಡುವ ಸುಮಾರು 20,000 ವಂಶವಾಹಿಗಳಿವೆ. ವಂಶವಾಹಿ ಎಂದರೆ ಡಿಎನ್‌ಎ ಎಂಬ ಉದ್ದನೆಯ ಅಣುವಿನ ಒಂದು ಭಾಗ; ಅದರಲ್ಲಿರುವ ಸೂಚನೆಯನ್ನು ಜೀವಕೋಶ ಆರ್‌ಎನ್‌ಎ ಎಂಬ ನಕಲಾಗಿ ತೆಗೆದುಕೊಂಡು, ಆ ನಕಲಿಗೆ ಅನುಗುಣವಾಗಿ ಪ್ರೋಟೀನನ್ನು ಕಟ್ಟುತ್ತದೆ. ಸೂಚನೆ ಆದಿಯಿಂದ ಅಂತ್ಯದವರೆಗೆ ಅಖಂಡವಾಗಿ ಇರುತ್ತದೆಂಬ ನಂಬಿಕೆ 1977ರಲ್ಲಿ ಮುರಿದುಬಿತ್ತು. ಆ ವರ್ಷ ಫಿಲಿಪ್ ಶಾರ್ಪ್ ಮತ್ತು ರಿಚರ್ಡ್ ರಾಬರ್ಟ್ಸ್ ಅವರ ತಂಡಗಳು ಅಡೆನೋವೈರಸ್ ಎಂಬ ವೈರಸ್ಸನ್ನು ಪರಿಶೀಲಿಸುತ್ತಿದ್ದಾಗ, ಅಂತಿಮ ಸಂದೇಶದಲ್ಲಿ ಒತ್ತಾಗಿ ಕೂಡಿಕೊಂಡಿರುವ ತುಣುಕುಗಳು ಮೂಲ ಡಿಎನ್‌ಎಯಲ್ಲಿ ದೂರದೂರ ಇರುವುದನ್ನು ಬೇರೆಬೇರೆಯಾಗಿ ಕಂಡುಕೊಂಡವು. ಇದಕ್ಕಾಗಿ ಇಬ್ಬರಿಗೂ 1993ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ಸಂದೇಶದಲ್ಲಿ ಉಳಿಯುವ ತುಣುಕುಗಳನ್ನು ಎಕ್ಸಾನ್ ಎಂದೂ ನಡುವಿನಿಂದ ಕತ್ತರಿಸಿ ತೆಗೆಯಲ್ಪಡುವ ಭಾಗಗಳನ್ನು ಇಂಟ್ರಾನ್ ಎಂದೂ ವಾಲ್ಟರ್ ಗಿಲ್ಬರ್ಟ್ 1978ರಲ್ಲಿ ಹೆಸರಿಸಿದರು. ಇಂಟ್ರಾನ್‌ಗಳನ್ನು ತೆಗೆದು ಎಕ್ಸಾನ್‌ಗಳನ್ನು ಬೆಸೆಯುವ ಈ ಕ್ರಿಯೆಯೇ ಸ್ಪ್ಲೈಸಿಂಗ್. ಐದು ಸಣ್ಣ ಆರ್‌ಎನ್‌ಎಗಳೂ ನೂರಕ್ಕೂ ಮಿಕ್ಕ ಪ್ರೋಟೀನುಗಳೂ ಕೂಡಿದ ಸ್ಪ್ಲೈಸಿಯೋಸೋಮ್ ಎಂಬ ವ್ಯವಸ್ಥೆ ಇದನ್ನು ನಡೆಸುತ್ತದೆ.

ಈ ವ್ಯವಸ್ಥೆ ಎಲ್ಲ ಎಕ್ಸಾನ್‌ಗಳನ್ನೂ ಪ್ರತಿಸಲ ಒಂದೇ ರೀತಿಯಲ್ಲಿ ಜೋಡಿಸಬೇಕೆಂಬ ಕಟ್ಟಳೆಯಿಲ್ಲ. ಒಂದು ಅಂಗಾಂಶದಲ್ಲಿ ಉಳಿಸಿಕೊಂಡ ಎಕ್ಸಾನನ್ನು ಇನ್ನೊಂದರಲ್ಲಿ ಬಿಟ್ಟು, ಒಂದೇ ವಂಶವಾಹಿಯಿಂದ ಬೇರೆಬೇರೆ ಪ್ರೋಟೀನುಗಳನ್ನು ಪಡೆಯುವುದು ದೇಹದ ನಿತ್ಯದ ವ್ಯವಹಾರ. ಒಂದಕ್ಕಿಂತ ಹೆಚ್ಚು ಎಕ್ಸಾನ್‌ಗಳುಳ್ಳ ಮಾನವ ವಂಶವಾಹಿಗಳಲ್ಲಿ ಸುಮಾರು 95 ಪ್ರತಿಶತ ಹೀಗೆ ಒಂದಕ್ಕಿಂತ ಹೆಚ್ಚು ರೂಪಗಳನ್ನು ಕೊಡುತ್ತವೆ ಎಂದು ಅಂದಾಜಿಸಲಾಗಿದೆ. ಕ್ಯಾಲ್ಸಿಟೋನಿನ್‌ನ ವಂಶವಾಹಿ ಇದಕ್ಕೆ ಪ್ರಸಿದ್ಧ ನಿದರ್ಶನ: ಥೈರಾಯ್ಡ್ ಗ್ರಂಥಿಯಲ್ಲಿ ಅದರಿಂದ ಕ್ಯಾಲ್ಸಿಯಂ ಪ್ರಮಾಣವನ್ನು ಹದದಲ್ಲಿಡುವ ಹಾರ್ಮೋನ್ ದೊರೆತರೆ, ನರಕೋಶಗಳಲ್ಲಿ ಅದೇ ವಂಶವಾಹಿಯಿಂದ ರಕ್ತನಾಳಗಳನ್ನು ಹಿಗ್ಗಿಸುವ ಬೇರೊಂದು ವಸ್ತು ದೊರೆಯುತ್ತದೆ. ಆದ್ದರಿಂದ ವಂಶವಾಹಿಯಲ್ಲಿ ಇರುವುದು ಫಲವಲ್ಲ, ಹಲವು ಫಲಗಳ ಸಾಧ್ಯತೆ; ಯಾವ ಸಾಧ್ಯತೆ ಎಲ್ಲಿ, ಯಾವಾಗ, ಎಷ್ಟು ಪ್ರಮಾಣದಲ್ಲಿ ಸಿದ್ಧಿಸಬೇಕೆಂಬುದು ಜೋಡಣೆಯ ಹಂತದಲ್ಲಿ, ಜೀವಕೋಶದ ಸ್ಥಿತಿಗತಿಗೆ ತಕ್ಕಂತೆ ತೀರ್ಮಾನವಾಗುತ್ತದೆ. ವಂಶವಾಹಿಯನ್ನು ಆಧುನಿಕ ಹಣೆಬರಹವೆಂದು ಭಾವಿಸುವ ಇಂದಿನ ವಾಡಿಕೆಗೆ ಇಷ್ಟರಿಂದಲೇ ಆಧಾರ ತಪ್ಪುತ್ತದೆ.

ಲೈಂಗಿಕ ಹಾರ್ಮೋನುಗಳನ್ನು ಬಂಧಿಸುವ ಪ್ರೋಟೀನುಗಳಲ್ಲಿ ಮುಖ್ಯವಾಗಿ ಎರಡು ಬಗೆಗಳಿವೆ. ಮೊದಲನೆಯದು ರಕ್ತದಲ್ಲಿ ಹಾರ್ಮೋನನ್ನು ಹಿಡಿದು ಸಾಗಿಸುವಂಥದು. ಎಸ್‌ಎಚ್‌ಬಿಜಿ ಎಂಬ ಸಂಕ್ಷಿಪ್ತನಾಮದಿಂದ ಪರಿಚಿತವಾದ, ಲೈಂಗಿಕ ಹಾರ್ಮೋನುಗಳನ್ನು ಬಂಧಿಸುವ ಗ್ಲಾಬ್ಯುಲಿನ್ ಇದಕ್ಕೆ ಉದಾಹರಣೆ. ಯಕೃತ್ತಿನಲ್ಲಿ ತಯಾರಾಗುವ ಈ ಪ್ರೋಟೀನ್ ಟೆಸ್ಟೋಸ್ಟಿರಾನ್ ಮತ್ತು ಈಸ್ಟ್ರೊಜೆನ್‌ಗಳನ್ನು ಬಿಗಿಯಾಗಿ ಹಿಡಿದಿಟ್ಟುಕೊಳ್ಳುವುದರಿಂದ, ರಕ್ತದಲ್ಲಿರುವ ಆ ಹಾರ್ಮೋನುಗಳ ಕೇವಲ ಕೆಲವೇ ಪ್ರತಿಶತ ಭಾಗ ಬಿಡಿಯಾಗಿದ್ದು ಜೀವಕೋಶಗಳೊಳಕ್ಕೆ ಸರಾಗವಾಗಿ ಪ್ರವೇಶಿಸುತ್ತದೆ. ಎರಡನೆಯ ಬಗೆ ಜೀವಕೋಶದ ಒಳಗಿದ್ದು ಹಾರ್ಮೋನನ್ನು ಬರಮಾಡಿಕೊಳ್ಳುವ ಗ್ರಾಹಕ. ಹಾರ್ಮೋನ್ ತನ್ನಲ್ಲಿ ಕೂತೊಡನೆ ಅದು ಡಿಎನ್‌ಎಯ ನಿರ್ದಿಷ್ಟ ಜಾಗಗಳಿಗೆ ಅಂಟಿಕೊಂಡು, ಬೆಳೆಯಬೇಕೋ ವಿಭಜಿಸಬೇಕೋ ಎಂಬ ಆಜ್ಞೆಯನ್ನು ನಡೆಸಿಕೊಡುತ್ತದೆ. ಮೊದಲ ಬಗೆ ಹಾರ್ಮೋನಿನ ಪ್ರಮಾಣಕ್ಕೆ ಮಿತಿ ಹಾಕಿದರೆ ಎರಡನೆಯದು ಅದರ ಮಾತಿಗೆ ಬೆಲೆ ತಂದುಕೊಡುತ್ತದೆ.

ಈ ಎರಡೂ ಬಗೆಯ ಪ್ರೋಟೀನುಗಳ ಸಂದೇಶಗಳಲ್ಲಿ ಎಕ್ಸಾನ್ ಬಿಟ್ಟುಹೋದ ರೂಪಗಳು ಕಂಡುಬಂದಿವೆ. ಎಸ್‌ಎಚ್‌ಬಿಜಿಯ ಸಂದೇಶ ಯಕೃತ್ತಿನಲ್ಲಷ್ಟೇ ಅಲ್ಲದೆ ಗರ್ಭಕೋಶ, ಗರ್ಭಕಂಠಗಳಂಥ ಅಂಗಾಂಶಗಳಲ್ಲಿಯೂ ಅಲ್ಪಪ್ರಮಾಣದಲ್ಲಿ ದೊರೆಯುತ್ತದೆ. ಅದರ ಪೂರ್ಣ ರೂಪದೊಡನೆ ಏಳನೆಯ ಎಕ್ಸಾನ್ ಇಲ್ಲದ ಇನ್ನೊಂದು ರೂಪವೂ ಇರುತ್ತದೆ. ಆ ಎಕ್ಸಾನ್ ಬಿಟ್ಟರೆ ಮುಂದಿನ ಅಕ್ಷರಗಳನ್ನು ಓದುವ ಕ್ರಮವೇ ಪಲ್ಲಟಗೊಂಡು ಪ್ರೋಟೀನಿನ ಕೊನೆಯ ಭಾಗ ಬೇರೆಯೇ ಆಗುತ್ತದೆ. ಗರ್ಭಕಂಠದ ಕ್ಯಾನ್ಸರಿನಲ್ಲಿ ಸಂಶೋಧಕರು ಅಳೆಯಲು ಹೊರಟದ್ದು ಈ ಎರಡು ರೂಪಗಳ ಅನುಪಾತವನ್ನು. ಈಸ್ಟ್ರೊಜೆನ್ ಗ್ರಾಹಕದ ಸಂಗತಿ ಇದಕ್ಕಿಂತಲೂ ವಿಚಿತ್ರ. ಸ್ತನದ ಗಡ್ಡೆಗಳ ಅಧ್ಯಯನದಲ್ಲಿ ಮೊದಲು ವಿವರವಾಗಿ ತಿಳಿದುಬಂದಂತೆ, ಐದನೆಯ ಎಕ್ಸಾನ್ ಇಲ್ಲದ ರೂಪಕ್ಕೆ ಹಾರ್ಮೋನನ್ನು ಹಿಡಿಯುವ ಶಕ್ತಿ ಇಲ್ಲದಿದ್ದರೂ ಅದು ಹಾರ್ಮೋನಿನ ಅಪ್ಪಣೆಗೆ ಕಾಯದೆ ತಾನಾಗಿಯೇ ಕೆಲಸ ನಡೆಸಬಲ್ಲದು. ಏಳನೆಯ ಎಕ್ಸಾನ್ ಇಲ್ಲದ ರೂಪವೋ ತಾನೂ ಕೆಲಸ ಮಾಡದೆ, ಸಹಜವಾಗಿರುವ ಗ್ರಾಹಕದ ಕೆಲಸಕ್ಕೂ ಅಡ್ಡಿಯಾಗಬಲ್ಲದು. ಒಂದೇ ಮೂಲದಿಂದ ಹುಟ್ಟಿದ ಇವೆರಡರಲ್ಲಿ ಒಂದು ನಿರಂಕುಶ, ಇನ್ನೊಂದು ನಿಷ್ಕ್ರಿಯ. ಆದರೆ ಇಂಥ ರೂಪಗಳು ಆರೋಗ್ಯವಂತ ಅಂಗಾಂಶಗಳಲ್ಲಿಯೂ ಇರುತ್ತವೆ ಎಂಬುದು ತತ್ತ್ವಚಿಂತನೆಯ ದೃಷ್ಟಿಯಿಂದ ಎಲ್ಲಕ್ಕಿಂತ ಮುಖ್ಯವಾದ ಅಂಶ. ಕ್ಯಾನ್ಸರಿನಲ್ಲಿ ಬದಲಾಗುವುದು ಬಹುಮಟ್ಟಿಗೆ ಅವುಗಳ ಅನುಪಾತ. ಅಲ್ಲಿ ತಪ್ಪಿತಸ್ಥನೆಂದು ಬೊಟ್ಟುಮಾಡಿ ತೋರಿಸಬಹುದಾದ ಪರಕೀಯ ಘಟಕ ಯಾವುದೂ ಇಲ್ಲ.

ಹಾಗಾದರೆ ವೈರಸ್ಸಿನ ಮಾತೇನು ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ಗರ್ಭಕಂಠದ ಕ್ಯಾನ್ಸರಿಗೆ ಮಾನವ ಪ್ಯಾಪಿಲೋಮಾ ವೈರಸ್, ಅಂದರೆ ಎಚ್‌ಪಿವಿ, ಮೂಲಕಾರಣವೆಂಬುದನ್ನು ಹೆರಾಲ್ಡ್ ಸುರ್ ಹೌಸೆನ್ ಅವರ ತಂಡ 1983 ಮತ್ತು 1984ರಲ್ಲಿ ಅದರ 16 ಮತ್ತು 18ನೆಯ ಬಗೆಗಳನ್ನು ಗಡ್ಡೆಗಳಿಂದ ಬೇರ್ಪಡಿಸಿ ತೋರಿಸಿತು. ಈ ಶೋಧಕ್ಕೆ 2008ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು. ಈ ವೈರಸ್ಸಿನ ಇ6 ಎಂಬ ಪ್ರೋಟೀನ್ ಜೀವಕೋಶದ ಕಾವಲುಗಾರನಾದ ಪಿ53 ಎಂಬ ಪ್ರೋಟೀನನ್ನು ನಾಶಮಾಡಿಸುತ್ತದೆ. ಇ7 ಎಂಬುದು ಕೋಶವಿಭಜನೆಗೆ ತಡೆಯೊಡ್ಡುವ ಆರ್‌ಬಿ ಪ್ರೋಟೀನನ್ನು ನಿಷ್ಫಲಗೊಳಿಸುತ್ತದೆ. ಇಷ್ಟನ್ನು ನೋಡಿದರೆ ರೋಗ ಹೊರಗಿನ ಶತ್ರುವಿನ ಕೆಲಸವೆಂದೇ ತೋರುತ್ತದೆ. ಆದರೆ 8,000ಕ್ಕೂ ಕಡಿಮೆ ಅಕ್ಷರಜೋಡಿಗಳ ಪುಟ್ಟ ಡಿಎನ್‌ಎ ಉಳ್ಳ ಈ ವೈರಸ್ಸಿಗೆ ಸ್ವಂತದ ಸ್ಪ್ಲೈಸಿಂಗ್ ವ್ಯವಸ್ಥೆಯೇ ಇಲ್ಲ. ಅದರ ಇ6 ಭಾಗದೊಳಗೆ ಒಂದು ಇಂಟ್ರಾನ್ ಅಡಗಿದ್ದು, ಅದನ್ನು ಉಳಿಸಿಕೊಂಡರೆ ಪೂರ್ಣವಾದ ಇ6 ದೊರೆಯುತ್ತದೆ. ಕತ್ತರಿಸಿದರೆ ಇ6ರ ಮೊಟಕಾದ ರೂಪವೂ ಇ7ರ ತಯಾರಿಕೆಗೆ ಹೆಚ್ಚು ಅನುಕೂಲವಾದ ಸಂದೇಶವೂ ದೊರೆಯುತ್ತವೆ. ಈ ಕತ್ತರಿಕೆಯನ್ನು ನಡೆಸಿಕೊಡುವುದು ಸೋಂಕಿಗೆ ಒಳಗಾದ ಜೀವಕೋಶದ ಸ್ಪ್ಲೈಸಿಯೋಸೋಮೇ. ಹೊರಗಿನದು ಒಳಗಿನ ಸಾಮಗ್ರಿಯನ್ನು ಬಳಸಿಕೊಂಡಲ್ಲದೆ ರೋಗವಾಗಲಾರದು. ಸೋಂಕು ತಗಲಿದವರಲ್ಲಿ ಬಹುಪಾಲು ಜನರಿಗೆ ಒಂದೆರಡು ವರ್ಷಗಳೊಳಗೆ ಅದು ತಾನಾಗಿಯೇ ಹೋಗಿಬಿಡುವುದೂ, ಉಳಿದುಕೊಂಡವರಲ್ಲಿ ಕ್ಯಾನ್ಸರ್ ರೂಪುಗೊಳ್ಳಲು ಸಾಮಾನ್ಯವಾಗಿ 15ರಿಂದ 20 ವರ್ಷ ಹಿಡಿಯುವುದೂ ಇದನ್ನೇ ಸೂಚಿಸುತ್ತವೆ. ವೈರಸ್ಸಿನ ವಂಶವಾಹಿಗಳನ್ನು ಸೇರಿಸಿ ಬೆಳೆಸಿದ ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಈಸ್ಟ್ರೊಜೆನ್ನೂ ಅದರ ಗ್ರಾಹಕವೂ ಕೂಡಿದಾಗ ಗರ್ಭಕಂಠದ ಕ್ಯಾನ್ಸರ್ ತಲೆದೋರಿ, ಗ್ರಾಹಕವಿಲ್ಲದ ಇಲಿಗಳಲ್ಲಿ ಅದು ಕಾಣಿಸಿಕೊಳ್ಳದಿದ್ದುದು ಇನ್ನೊಂದು ಸಾಕ್ಷ್ಯ.

ಈ ಜ್ಞಾನದ ಚರಿತ್ರೆಯಲ್ಲಿಯೇ ಇದಕ್ಕಿಂತ ಗಾಢವಾದ ಸಂಗತಿಯೊಂದಿದೆ. 1951ರಲ್ಲಿ ಅಮೆರಿಕದ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಗರ್ಭಕಂಠದ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿದ್ದ ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬ ಆಫ್ರಿಕನ್ ಅಮೆರಿಕನ್ ಮಹಿಳೆಯ ಗಡ್ಡೆಯಿಂದ, ಆಕೆಯ ಅನುಮತಿ ಪಡೆಯದೆಯೇ ತೆಗೆದ ಜೀವಕೋಶಗಳು ಜಾರ್ಜ್ ಗೈ ಅವರ ಪ್ರಯೋಗಾಲಯದಲ್ಲಿ ನಿರಂತರವಾಗಿ ವೃದ್ಧಿಸತೊಡಗಿದವು. ಆಕೆ ಅದೇ ವರ್ಷದ ಅಕ್ಟೋಬರ್ 4ರಂದು, ತಮ್ಮ 31ನೆಯ ವಯಸ್ಸಿನಲ್ಲಿ ತೀರಿಕೊಂಡರು. ಹೀಲಾ ಎಂದು ಹೆಸರಾದ ಜೀವಕೋಶಗಳು ಮಾತ್ರ ಇಂದಿಗೂ ಲೋಕದ ಪ್ರಯೋಗಾಲಯಗಳಲ್ಲಿ ಬದುಕಿವೆ. ಶಾರ್ಪ್ ಅವರ ತಂಡ 1977ರಲ್ಲಿ ಅಡೆನೋವೈರಸ್ಸಿನ ಸಂದೇಶವನ್ನು ಸಂಗ್ರಹಿಸಿದ್ದು ಈ ಹೀಲಾ ಜೀವಕೋಶಗಳಿಂದಲೇ. 1980ರ ದಶಕದಲ್ಲಿ ಸ್ಪ್ಲೈಸಿಂಗ್ ಕ್ರಿಯೆಯನ್ನು ಪ್ರನಾಳದಲ್ಲಿ ನಡೆಸಿ ತೋರಿಸಲು ಬಳಸಿದ್ದೂ ಹೀಲಾ ಕೋಶಕೇಂದ್ರಗಳ ಸಾರವನ್ನೇ. ಆರೋಗ್ಯವಂತ ದೇಹದಲ್ಲಿ ಸಂದೇಶ ಹೇಗೆ ಜೋಡಣೆಗೊಳ್ಳುತ್ತದೆಂಬ ತಿಳಿವು ಗರ್ಭಕಂಠದ ಕ್ಯಾನ್ಸರಿನ ಜೀವಕೋಶವೊಂದರಿಂದ ಬಂದಿತೆಂದರೆ, ರೋಗಗ್ರಸ್ತ ಜೀವಕೋಶದಲ್ಲಿಯೂ ಆರೋಗ್ಯದ ಯಂತ್ರವೇ ಅದೇ ನಿಯಮಗಳಿಂದ ನಡೆಯುತ್ತಿದೆಯೆಂದೇ ಅರ್ಥ.

ಈ ಹಿನ್ನೆಲೆಯಲ್ಲಿ ಚರಕಸಂಹಿತೆಯ ಸೂತ್ರಸ್ಥಾನದ 25ನೆಯ ಅಧ್ಯಾಯವನ್ನು ಓದಿದರೆ ಅಲ್ಲಿನ ವಾದದ ಹರಿತ ಅರಿವಾಗುತ್ತದೆ. ಋಷಿಗಳ ಸಭೆಯಲ್ಲಿ ಕಾಶಿಯ ಅರಸನಾದ ವಾಮಕ ಎತ್ತುವ ಪ್ರಶ್ನೆ ಇದು: ಪುರುಷ, ಎಂದರೆ ದೇಹ ಮನಸ್ಸು ಆತ್ಮಗಳ ಸಮುದಾಯವಾದ ವ್ಯಕ್ತಿ, ಯಾವುದರಿಂದ ಹುಟ್ಟುತ್ತಾನೆಯೋ ಅದರಿಂದಲೇ ಅವನ ರೋಗಗಳೂ ಹುಟ್ಟುತ್ತವೆಯೇ, ಇಲ್ಲವೇ? ಒಬ್ಬ ಋಷಿ ಆತ್ಮವೇ ಮೂಲವೆನ್ನುತ್ತಾನೆ, ಇನ್ನೊಬ್ಬ ಮನಸ್ಸು, ಮತ್ತೊಬ್ಬ ರಸ, ಬೇರೊಬ್ಬ ತಂದೆತಾಯಿಗಳು ಎನ್ನುತ್ತಾನೆ. ಭದ್ರಕಾಪ್ಯ ಕರ್ಮವೇ ಕಾರಣವೆಂದಾಗ, ಕರ್ಮಕ್ಕಿಂತ ಮೊದಲು ಕರ್ತೃ ಇರಬೇಕಲ್ಲವೆಂದು ಭರದ್ವಾಜ ಆಕ್ಷೇಪಿಸಿ ಸ್ವಭಾವವನ್ನು ಮುಂದೊಡ್ಡುತ್ತಾನೆ. ಎಲ್ಲವೂ ಸ್ವಭಾವದಿಂದಲೇ ಆಗುವುದಾದರೆ ಪ್ರಯತ್ನಕ್ಕೆ ಅರ್ಥವೇನೆಂದು ಕಾಂಕಾಯನ ಪ್ರಜಾಪತಿಯ ಕಡೆಗೆ ತಿರುಗುತ್ತಾನೆ. ಮಕ್ಕಳ ಹಿತವನ್ನೇ ಬಯಸುವ ಪ್ರಜಾಪತಿ ತನ್ನ ಸಂತಾನವನ್ನು ದುಃಖಕ್ಕೆ ಒಡ್ಡಲಾರನೆಂದು ಭಿಕ್ಷು ಆತ್ರೇಯ ಅದನ್ನೂ ತಳ್ಳಿಹಾಕಿ ಕಾಲವನ್ನು ಹೆಸರಿಸುತ್ತಾನೆ. ದಯಾಮಯನಾದ ದೇವರಿದ್ದರೆ ರೋಗವೇಕೆ ಎಂಬ, ಎಲ್ಲ ಮತಧರ್ಮಗಳೂ ಎದುರಿಸಿದ ಪ್ರಶ್ನೆ ಇಲ್ಲಿ ಒಂದೇ ವಾಕ್ಯದಲ್ಲಿ ಬಂದುಹೋಗುತ್ತದೆ. ಕೊನೆಗೆ ಪುನರ್ವಸು ಆತ್ರೇಯ, ಹೀಗೆ ಪಕ್ಷ ಹಿಡಿದು ವಾದಿಸುವವರು ಗಾಣ ಸುತ್ತುವವರಂತೆ ನಡೆದೇ ನಡೆದರೂ ಗುರಿ ಮುಟ್ಟುವುದಿಲ್ಲವೆಂದು ಎಚ್ಚರಿಸಿ ತನ್ನ ನಿರ್ಣಯವನ್ನು ಹೇಳುತ್ತಾನೆ: ಯಾವ ಭಾವಗಳು ಸರಿಯಾಗಿ ಕೂಡಿದಾಗ ಪುರುಷನನ್ನು ಹುಟ್ಟಿಸುತ್ತವೆಯೋ ಅವೇ ಭಾವಗಳು ವಿಷಮವಾದಾಗ ನಾನಾ ಬಗೆಯ ರೋಗಗಳನ್ನು ಹುಟ್ಟಿಸುತ್ತವೆ.

ಈ ನಿರ್ಣಯದಲ್ಲಿ ಆಧುನಿಕ ಜೀವವಿಜ್ಞಾನ ಅಡಗಿತ್ತೆಂದು ಹೇಳುವುದು ಇತಿಹಾಸಕ್ಕೂ ವಿಜ್ಞಾನಕ್ಕೂ ಅಪಚಾರವಾದೀತು. ಚರಕನ ಕಾಲದವರಿಗೆ ವಂಶವಾಹಿಯ ಕಲ್ಪನೆಯೇ ಇರಲಿಲ್ಲ. ಇಲ್ಲಿರುವ ಸಾಮ್ಯ ಮಾಹಿತಿಯದಲ್ಲ, ವಿಚಾರದ ರಚನೆಯದು. ರೋಗಕ್ಕಾಗಿ ಬೇರೆಯದೇ ಆದ ದ್ರವ್ಯವನ್ನೋ ಕೇಡಿನ ಶಕ್ತಿಯನ್ನೋ ಕಲ್ಪಿಸದೆ, ಆರೋಗ್ಯದ ಘಟಕಗಳ ಪರಸ್ಪರ ಸಂಬಂಧದಲ್ಲಿಯೇ ಅದನ್ನು ಹುಡುಕಬೇಕೆಂಬುದು ಆತ್ರೇಯನ ನಿಲುವು. ನ್ಯಾಯ ವೈಶೇಷಿಕ ದರ್ಶನಗಳು ಕಾರಣವನ್ನು ವಿಂಗಡಿಸುವ ಬಗೆ ಇದನ್ನು ಇನ್ನಷ್ಟು ಸ್ಪಷ್ಟಪಡಿಸುತ್ತದೆ. ಆ ದರ್ಶನಗಳಲ್ಲಿ ಒಂದು ವಸ್ತುವಿನ ಭಾಗಗಳು ಸಮವಾಯಿ ಕಾರಣ. ಆ ಭಾಗಗಳು ಒಂದರೊಡನೊಂದು ಕೂಡುವ ಸಂಯೋಗ ಅಸಮವಾಯಿ ಕಾರಣ. ಇವೆರಡಕ್ಕೂ ಹೊರತಾಗಿದ್ದು ಕಾರ್ಯಕ್ಕೆ ನೆರವಾಗುವುದು ನಿಮಿತ್ತ ಕಾರಣ. ಕೂಡುವಿಕೆಯನ್ನೇ ಒಂದು ಸ್ವತಂತ್ರ ಕಾರಣವೆಂದು ಎಣಿಸಿದ್ದು ಇಲ್ಲಿಯ ವೈಶಿಷ್ಟ್ಯ. ಎಸ್‌ಎಚ್‌ಬಿಜಿಯ ವಿಷಯದಲ್ಲಿ ಎಕ್ಸಾನ್‌ಗಳು ಸಮವಾಯಿ ಕಾರಣದ ಸ್ಥಾನದಲ್ಲಿವೆ, ಅವುಗಳ ಜೋಡಣೆ ಅಸಮವಾಯಿ ಕಾರಣದ ಸ್ಥಾನದಲ್ಲಿದೆ, ವೈರಸ್ಸೂ ಹಾರ್ಮೋನೂ ನಿಮಿತ್ತಗಳಾಗಿವೆ. ಭಾಗಗಳೆಲ್ಲ ಯಥಾಸ್ಥಿತಿಯಲ್ಲಿದ್ದರೂ ಸಂಯೋಗ ಬದಲಾದ ಮಾತ್ರಕ್ಕೆ ಫಲ ಬೇರೆಯಾಗಬಲ್ಲದು. ಲೋಕರೂಢಿಯ ಎರಡು ಉತ್ತರಗಳೂ ಎಡವುವುದು ಇಲ್ಲಿಯೇ: ಒಂದು ನಿಮಿತ್ತವನ್ನೇ ಸರ್ವಸ್ವವೆಂದು ತಿಳಿಯುತ್ತದೆ, ಇನ್ನೊಂದು ಕರ್ತೃವನ್ನೇ ಸರ್ವಸ್ವವೆಂದು ತಿಳಿಯುತ್ತದೆ, ಸಂಯೋಗದ ಕಡೆಗೆ ಎರಡೂ ನೋಡುವುದಿಲ್ಲ.

ಈ ನಿಲುವಿಗೆ ಗಂಭೀರವಾದ ಆಕ್ಷೇಪವೊಂದಿದೆ. ಆರೋಗ್ಯ ರೋಗಗಳೆರಡೂ ಒಂದೇ ಸಾಮಗ್ರಿಯಿಂದ ಆದವೆಂದರೆ ಅವುಗಳ ನಡುವಿನ ಭೇದ ಬರಿಯ ಪ್ರಮಾಣದ್ದಾಗಿ ಉಳಿಯುವುದಿಲ್ಲವೇ? 19ನೆಯ ಶತಮಾನದ ಫ್ರಾನ್ಸಿನಲ್ಲಿ ಬ್ರೂಸೇ ಎಂಬ ವೈದ್ಯನೂ ಅವನನ್ನು ಅನುಸರಿಸಿ ಆಗಸ್ಟ್ ಕಾಮ್ಟ್ ಎಂಬ ದಾರ್ಶನಿಕನೂ ಹಾಗೆಂದೇ ವಾದಿಸಿದರು. ಅವರ ಪ್ರಕಾರ ರೋಗವೆಂದರೆ ಸಹಜವಾದ ಕ್ರಿಯೆಗಳ ಹೆಚ್ಚುಕಡಿಮೆ, ಅಷ್ಟೇ. ಇದನ್ನು ಜಾರ್ಜ್ ಕಾಂಗಿಲೆಮ್ ಎಂಬ ಫ್ರೆಂಚ್ ಚಿಂತಕ 1943ರ ತನ್ನ ವೈದ್ಯಕೀಯ ಪ್ರಬಂಧದಲ್ಲಿ ಪ್ರಶ್ನಿಸಿದ. ಅಳತೆಗಳು ಎಷ್ಟೇ ಇದ್ದರೂ ಯಾವ ಅಳತೆ ರೋಗವೆಂಬುದನ್ನು ಅಳತೆಯೇ ಹೇಳಲಾರದು. ಬದಲಾದ ಪರಿಸರದಲ್ಲಿ ತನಗೆ ಹೊಸ ಕ್ರಮವನ್ನು ರೂಪಿಸಿಕೊಳ್ಳುವ ಶಕ್ತಿ ಕುಗ್ಗಿ, ಬದುಕು ಇಕ್ಕಟ್ಟಿಗೆ ಸಿಲುಕಿದಾಗ, ಆ ಅನುಭವದಿಂದಲೇ ರೋಗ ರೋಗವೆನಿಸುತ್ತದೆ ಎಂಬುದು ಅವನ ವಾದದ ಸಾರ. ಈ ಆಕ್ಷೇಪವನ್ನು ಒಪ್ಪಿಕೊಳ್ಳಲೇಬೇಕು, ಏಕೆಂದರೆ ಹೀಲಾ ಜೀವಕೋಶಗಳೇ ಅದಕ್ಕೆ ಸಾಕ್ಷಿ. 1991ರಲ್ಲಿ ಲೀ ವ್ಯಾನ್ ವೇಲೆನ್ ಮತ್ತು ವರ್ಜೀನಿಯಾ ಮೈಯೊರಾನಾ ಎಂಬ ಜೀವವಿಜ್ಞಾನಿಗಳು, ಸ್ವತಂತ್ರವಾಗಿ ಬದುಕಿ ವೃದ್ಧಿಸುತ್ತಿರುವ ಈ ಜೀವಕೋಶಗಳನ್ನು ಒಂದು ಹೊಸ ಜೀವಪ್ರಭೇದವೆಂದೇ ಪರಿಗಣಿಸಬೇಕೆಂದು ಸೂಚಿಸಿದರು. ಬಹುಪಾಲು ವಿಜ್ಞಾನಿಗಳು ಆ ಸೂಚನೆಯನ್ನು ಒಪ್ಪಲಿಲ್ಲ. ಆದರೂ ಅದು ಒಂದು ಸತ್ಯವನ್ನು ಬೆಳಕಿಗೆ ತರುತ್ತದೆ. ಜೀವಕೋಶವನ್ನಷ್ಟೇ ನೋಡಿದರೆ ಅಲ್ಲಿ ಸೋಲಿಲ್ಲ, ಯಶಸ್ವಿಯಾದ ಬಾಳಿದೆ. ಅದನ್ನು ರೋಗವೆಂದು ಕರೆಯುವುದು ಆ ಜೀವಕೋಶ ಯಾರ ದೇಹದ ಅಂಗವಾಗಿತ್ತೋ ಆ ವ್ಯಕ್ತಿಯ ಬದುಕನ್ನು ಗಣನೆಗೆ ತಂದುಕೊಂಡಾಗ ಮಾತ್ರ.

ಆದ್ದರಿಂದ ಆತ್ರೇಯನ ನಿರ್ಣಯದಲ್ಲಿ ಸರಿಯಾಗಿ ಕೂಡುವುದು, ವಿಷಮವಾಗುವುದು ಎಂಬ ಮಾತುಗಳು ಬರಿಯ ಲೆಕ್ಕದ ಮಾತುಗಳಲ್ಲ. ಯಾರಿಗೆ ಸರಿ, ಯಾರ ಪಾಲಿಗೆ ವಿಷಮ ಎಂಬ ಪ್ರಶ್ನೆಗೆ ಅಲ್ಲಿ ಪುರುಷನೇ ಉತ್ತರವಾಗಿದ್ದಾನೆ. ಕಾರಣದ ದೃಷ್ಟಿಯಿಂದ ಆರೋಗ್ಯ ರೋಗಗಳು ಒಂದೇ, ಮೌಲ್ಯದ ದೃಷ್ಟಿಯಿಂದ ಅವು ಬೇರೆ. ಈ ಎರಡು ನೆಲೆಗಳನ್ನು ಬೆರೆಸಿದಾಗಲೇ ಗೊಂದಲ ಹುಟ್ಟುತ್ತದೆ. ಮೌಲ್ಯದ ಭೇದವನ್ನು ಕಾರಣಕ್ಕೆ ಆರೋಪಿಸಿ, ಕೆಟ್ಟ ಫಲಕ್ಕೆ ಕೆಟ್ಟ ಮೂಲವೇ ಇರಬೇಕೆಂದು ಊಹಿಸುವುದರಿಂದ ರೋಗಿಯ ಚಾರಿತ್ರ್ಯದಲ್ಲಿ ಆ ಮೂಲವನ್ನು ಹುಡುಕುವ ಚಾಳಿ ಬೆಳೆಯುತ್ತದೆ.

ಗರ್ಭಕಂಠದ ಕ್ಯಾನ್ಸರಿನಲ್ಲಿ ಈ ಚಾಳಿಗೆ ದೀರ್ಘವಾದ ಇತಿಹಾಸವಿದೆ. 1842ರಲ್ಲಿ ರಿಗೋನಿ ಸ್ಟೆರ್ನ್ ಎಂಬ ಇಟಲಿಯ ವೈದ್ಯ ವೆರೋನಾ ನಗರದ ಮರಣದಾಖಲೆಗಳನ್ನು ಪರಿಶೀಲಿಸಿ, ಮಠವಾಸಿಗಳಾದ ಕ್ರೈಸ್ತ ಸನ್ಯಾಸಿನಿಯರಲ್ಲಿ ಗರ್ಭಕೋಶದ ಕ್ಯಾನ್ಸರ್ ವಿರಳವೆಂದೂ ಸ್ತನದ ಕ್ಯಾನ್ಸರ್ ಹೆಚ್ಚೆಂದೂ ಗಮನಿಸಿದ. ಲೈಂಗಿಕ ಸಂಪರ್ಕದ ಮೂಲಕ ಹರಡುವ ಕಾರಣವೊಂದಿರಬಹುದೆಂಬ ಸುಳಿವನ್ನು ವಿಜ್ಞಾನ ಇದರಿಂದ ಪಡೆಯಿತು. ಶೀಲದ ಪ್ರಶಂಸಾಪತ್ರವನ್ನೋ ದೋಷಾರೋಪವನ್ನೋ ಲೋಕವೂ ಇದರಿಂದ ಪಡೆಯಿತು. ಆದರೆ ಅದೇ ದಾಖಲೆಯ ಉತ್ತರಾರ್ಧವನ್ನು ಲೋಕ ಓದಲಿಲ್ಲ: ಸ್ತನದ ಕ್ಯಾನ್ಸರ್ ಸನ್ಯಾಸಿನಿಯರಲ್ಲಿ ಹೆಚ್ಚಾಗಿತ್ತೆಂಬುದನ್ನು ಯಾರೂ ಅವರ ಶೀಲದ ದೋಷವೆನ್ನಲಿಲ್ಲ. ದಾಂಪತ್ಯ ಜೀವನ ನಡೆಸುವ ಸ್ತ್ರೀಪುರುಷರಲ್ಲಿ ಬಹುಪಾಲು ಜನರಿಗೆ ಎಂದಾದರೊಮ್ಮೆ ಎಚ್‌ಪಿವಿ ಸೋಂಕು ತಗಲಿಯೇ ಇರುತ್ತದೆ. ಜೀವಮಾನದಲ್ಲಿ ಗಂಡನೊಬ್ಬನನ್ನೇ ಅರಿತ ಹೆಂಗಸಿಗೂ ಅದು ಬರಬಹುದು. ಹೀಗಿರುವಾಗ ರೋಗವನ್ನು ನಡತೆಯ ಕುರುಹೆಂದು ತಿಳಿಯುವುದು ತರ್ಕಕ್ಕೆ ನಿಲ್ಲುವುದಿಲ್ಲ.

ಕರ್ಮಸಿದ್ಧಾಂತವನ್ನು ಇಂಥ ದೋಷಾರೋಪಕ್ಕೆ ಬಳಸುವವರು ಆ ಸಿದ್ಧಾಂತದ ಉದ್ದೇಶವನ್ನೇ ಮರೆತಿರುತ್ತಾರೆ. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಮೊದಲ ಪಾದದಲ್ಲಿ ಕರ್ಮದ ಪ್ರಸ್ತಾಪ ಬರುವುದು, ಲೋಕದ ವಿಷಮತೆಗೂ ಕ್ರೌರ್ಯಕ್ಕೂ ಈಶ್ವರನನ್ನು ಹೊಣೆಮಾಡಬಹುದೆಂಬ ಆಕ್ಷೇಪಕ್ಕೆ ಸಮಾಧಾನವಾಗಿ. ಅಲ್ಲಿ ಕರ್ಮ ಈಶ್ವರನನ್ನು ಪಕ್ಷಪಾತದ ಆರೋಪದಿಂದ ಬಿಡಿಸುವ ತತ್ತ್ವ. ಒಬ್ಬ ಮನುಷ್ಯ ಇನ್ನೊಬ್ಬನ ನೋವನ್ನು ನೋಡಿ ಅವನ ಹಿಂದಿನ ಜನ್ಮದ ಲೆಕ್ಕ ಹೇಳಲು ಕೊಟ್ಟ ಅಧಿಕಾರವಲ್ಲ. ಬೌದ್ಧರ ಸಂಯುತ್ತನಿಕಾಯದಲ್ಲಿ ಮೋಳಿಯಸೀವಕ ಎಂಬ ಪರಿವ್ರಾಜಕ ಬುದ್ಧನನ್ನು ಇದೇ ವಿಷಯವಾಗಿ ಕೇಳುತ್ತಾನೆ: ಮನುಷ್ಯ ಅನುಭವಿಸುವ ಸುಖದುಃಖಗಳೆಲ್ಲ ಹಿಂದೆ ಮಾಡಿದ್ದರ ಫಲವೆನ್ನುವವರ ಬಗ್ಗೆ ಏನು ಹೇಳುವಿರಿ? ಪಿತ್ತ, ಕಫ, ವಾತ, ಇವುಗಳ ಸನ್ನಿಪಾತ, ಋತುವಿನ ಬದಲಾವಣೆ, ದೇಹದ ವಿಷಯದ ಅಜಾಗರೂಕತೆ, ಹೊರಗಿನ ಪೆಟ್ಟು ಎಂಬ ಏಳನ್ನು ಎಣಿಸಿ, ಕರ್ಮವಿಪಾಕವನ್ನು ಎಂಟನೆಯದಾಗಿ ಹೇಳುವ ಬುದ್ಧ, ಎಲ್ಲವನ್ನೂ ಹಿಂದಿನ ಕರ್ಮಕ್ಕೆ ಕಟ್ಟುವವರು ತಮ್ಮ ಅರಿವನ್ನೂ ಲೋಕದ ಅರಿವನ್ನೂ ಮೀರಿ ಮಾತನಾಡುತ್ತಿದ್ದಾರೆಂದು ತೀರ್ಪು ಕೊಡುತ್ತಾನೆ. ಕರ್ಮವನ್ನು ನಂಬುವವನೂ ಅದನ್ನು ಹಲವು ಕಾರಣಗಳಲ್ಲಿ ಒಂದೆಂದು ಮಾತ್ರ ನಂಬಬಹುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಶಾಸ್ತ್ರಾಧಾರ ಬೇಕಿಲ್ಲ.

ಚರಕಸಂಹಿತೆಯೂ ಕರ್ಮವನ್ನು ಅಲ್ಲಗಳೆಯುವುದಿಲ್ಲ. ಅದಕ್ಕೊಂದು ಮಿತಿಯನ್ನು ಗೊತ್ತುಪಡಿಸುತ್ತದೆ. ವಿಮಾನಸ್ಥಾನದ ಮೂರನೆಯ ಅಧ್ಯಾಯದಲ್ಲಿ ಆಯುಸ್ಸು ನಿಯತವಾದದ್ದೇ ಅಲ್ಲವೇ ಎಂದು ಶಿಷ್ಯನಾದ ಅಗ್ನಿವೇಶ ಕೇಳಿದಾಗ, ಹಿಂದಿನ ದೇಹದಲ್ಲಿ ಮಾಡಿದ್ದು ದೈವ, ಈ ದೇಹದಲ್ಲಿ ಮಾಡುವುದು ಪುರುಷಕಾರ, ಎರಡರಲ್ಲಿ ಬಲವಾದದ್ದು ದುರ್ಬಲವಾದದ್ದನ್ನು ಗೆಲ್ಲುತ್ತದೆ ಎಂದು ಆತ್ರೇಯ ವಿವರಿಸುತ್ತಾನೆ. ಎಲ್ಲರ ಆಯುಸ್ಸೂ ಮೊದಲೇ ತೀರ್ಮಾನವಾಗಿದ್ದರೆ ಔಷಧ, ಪಥ್ಯ, ಶಾಂತಿಕರ್ಮಗಳನ್ನು ಯಾರೂ ಮಾಡುತ್ತಿರಲಿಲ್ಲವೆಂದು ಸೇರಿಸುತ್ತಾನೆ. ಈ ಮಾತಿನ ತೂಕವನ್ನು ಇಂದಿನ ವಿಜ್ಞಾನದ ಒಂದು ನಿದರ್ಶನದಿಂದ ಅಳೆಯಬಹುದು. ಬೆನ್ನುಹುರಿಯ ನರಕೋಶಗಳು ನಶಿಸಿ ಮಕ್ಕಳ ಸ್ನಾಯುಗಳು ಕ್ಷಯಿಸುವ ಎಸ್‌ಎಂಎ ಎಂಬ ಆನುವಂಶಿಕ ರೋಗದಲ್ಲಿ, ಕೆಟ್ಟುಹೋದ ಎಸ್‌ಎಂಎನ್1 ಎಂಬ ವಂಶವಾಹಿಯ ಬದಲಿಗೆ ನಿಲ್ಲಬಹುದಾಗಿದ್ದ ಎಸ್‌ಎಂಎನ್2 ಏಳನೆಯ ಎಕ್ಸಾನನ್ನು ಬಹುಮಟ್ಟಿಗೆ ಬಿಟ್ಟುಬಿಡುವುದರಿಂದ ಸಾಕಷ್ಟು ಪ್ರೋಟೀನ್ ದೊರೆಯುವುದಿಲ್ಲ. ಆ ಎಕ್ಸಾನ್ ಜೋಡಣೆಯಲ್ಲಿ ಉಳಿಯುವಂತೆ ಮಾಡುವ ನ್ಯುಸಿನರ್ಸೆನ್ ಎಂಬ ಔಷಧಕ್ಕೆ 2016ರಲ್ಲಿ ಅಮೆರಿಕದಲ್ಲಿ ಮಂಜೂರಾತಿ ದೊರೆಯಿತು. ಹುಟ್ಟಿನಿಂದಲೇ ಬಂದದ್ದನ್ನು, ಡಿಎನ್‌ಎಯ ಒಂದಕ್ಷರವನ್ನೂ ಬದಲಿಸದೆ, ಜೋಡಣೆಯ ಹಂತದಲ್ಲಿ ತಿದ್ದಲು ಬರುತ್ತದೆ ಎಂಬುದು ಪುರುಷಕಾರದ ಪಕ್ಷಕ್ಕೆ ಸಂದ ಸಣ್ಣ ಗೆಲುವಲ್ಲ. ಗರ್ಭಕಂಠದ ಕ್ಯಾನ್ಸರಿನಲ್ಲಿ ಕಾಣುವ ಜೋಡಣೆಯ ವ್ಯತ್ಯಾಸಗಳಿಗೆ ಅಂಥ ಔಷಧವಿನ್ನೂ ಬಂದಿಲ್ಲ. ಆದರೆ ಅಲ್ಲಿ ಪುರುಷಕಾರಕ್ಕೆ ಅಷ್ಟು ದೂರ ಹೋಗಬೇಕಾದ ಅಗತ್ಯವೂ ಇಲ್ಲ, ಏಕೆಂದರೆ ಸಂಯೋಗವನ್ನು ಕೆಡಿಸುವ ನಿಮಿತ್ತವನ್ನೇ ತಡೆಯುವ ಲಸಿಕೆಯಿದೆ, ಕೆಡುಕು ಬಲಿಯುವ ಮೊದಲೇ ಅದನ್ನು ತೋರಿಸಿಕೊಡುವ ತಪಾಸಣೆಯಿದೆ, ಅದನ್ನು ನೀಗಿಸುವ ಸರಳ ಚಿಕಿತ್ಸೆಯೂ ಇದೆ.

ಆತ್ರೇಯ ತನ್ನ ನಿರ್ಣಯವನ್ನು ಹೇಳಿದ ಕೂಡಲೇ ಚರ್ಚೆಯನ್ನು ಹಿತವಾದ ಮತ್ತು ಅಹಿತವಾದ ಆಹಾರದ ಕಡೆಗೆ ತಿರುಗಿಸುತ್ತಾನೆಂಬುದು ಗಮನಾರ್ಹ. ಮೂಲಕಾರಣದ ಜಿಜ್ಞಾಸೆ ಮುಗಿದ ಮೇಲೆ ಉಳಿಯುವುದು ಯಾರದು ತಪ್ಪು ಎಂಬ ಪ್ರಶ್ನೆಯಲ್ಲ, ಮುಂದೆ ಮಾಡಬೇಕಾದ್ದೇನು ಎಂಬ ಪ್ರಶ್ನೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಅದಕ್ಕೆ ಮೂರು ಸಂಖ್ಯೆಗಳ ಉತ್ತರವನ್ನು ಮುಂದಿಟ್ಟಿದೆ: 2030ರ ವೇಳೆಗೆ ನೂರರಲ್ಲಿ 90 ಹೆಣ್ಣುಮಕ್ಕಳಿಗೆ 15 ವರ್ಷ ತುಂಬುವುದರೊಳಗೆ ಲಸಿಕೆ, ನೂರರಲ್ಲಿ 70 ಮಹಿಳೆಯರಿಗೆ 35ನೆಯ ವಯಸ್ಸಿನೊಳಗೊಮ್ಮೆ ಮತ್ತು 45ರೊಳಗೆ ಇನ್ನೊಮ್ಮೆ ತಪಾಸಣೆ, ತೊಂದರೆ ಕಂಡುಬಂದವರಲ್ಲಿ ನೂರಕ್ಕೆ 90 ಜನರಿಗೆ ಚಿಕಿತ್ಸೆ. ಭಾರತದಲ್ಲಿ 2022ರ ಒಂದೇ ವರ್ಷದಲ್ಲಿ ಸುಮಾರು 1.27 ಲಕ್ಷ ಹೆಂಗಸರಿಗೆ ಈ ರೋಗ ಬಂದಿತೆಂದೂ ಸುಮಾರು 80,000 ಜನ ಅದರಿಂದ ತೀರಿಕೊಂಡರೆಂದೂ ಅಂದಾಜಿದೆ. ಈ ಸಾವುಗಳಲ್ಲಿ ಬಹುಪಾಲು ತಪ್ಪಿಸಬಹುದಾಗಿದ್ದಂಥವು. ಅವುಗಳನ್ನು ದೈವದ ಲೆಕ್ಕಕ್ಕೆ ಬರೆದು ಕೈತೊಳೆದುಕೊಳ್ಳುವುದು ಶಾಸ್ತ್ರಸಮ್ಮತವೂ ಅಲ್ಲ, ಧರ್ಮಸಮ್ಮತವೂ ಅಲ್ಲ. ನಾಚಿಕೆಯಿಂದಲೋ ಅಪವಾದದ ಭಯದಿಂದಲೋ ತಪಾಸಣೆಯಿಂದ ದೂರ ಉಳಿದ ಹೆಂಗಸಿನ ವಿಷಯದಲ್ಲಿ ಕರ್ಮದ ಮಾತೆತ್ತುವ ಬದಲು ಆಕೆಯನ್ನು ಆಸ್ಪತ್ರೆಗೆ ಕರೆದೊಯ್ಯುವುದೇ ಸುತ್ತಲಿನವರ ಕರ್ತವ್ಯ.